ಅಡುಗೆಮನೆಯ ಚಾಕು, ಹೊಲಿಗೆಯ ಕತ್ತರಿ

ಬರ್ಲಿನ್ ನಗರದ ರಾಷ್ಟ್ರೀಯ ಕಲಾಸಂಗ್ರಹದಲ್ಲಿ ಒಂದು ಚಿತ್ರವಿದೆ. ಎತ್ತರ 114 ಸೆಂಟಿಮೀಟರು, ಅಗಲ 90 ಸೆಂಟಿಮೀಟರು. ದೂರದಿಂದ ನೋಡಿದರೆ ಜಾತ್ರೆಯ ಗದ್ದಲದ ಹಾಗೆ ಕಾಣುತ್ತದೆ. ಹತ್ತಿರ ಹೋದರೆ ಪತ್ರಿಕೆಗಳಿಂದ ಕತ್ತರಿಸಿ ಅಂಟಿಸಿದ ತುಂಡುಗಳೇ ತುಂಡುಗಳು. ಯಂತ್ರದ ಹಲ್ಲುಚಕ್ರಗಳು, ರಾಜಕಾರಣಿಗಳ ಮುಖಗಳು, ನರ್ತಕಿಯರ ಕಾಲುಗಳು, ದೊಡ್ಡ ಚಿಕ್ಕ ಅಕ್ಷರಗಳು. ಚಿತ್ರದ ಹೆಸರು ಒಂದೇ ಉಸಿರಿಗೆ ಹೇಳಲಾಗದಷ್ಟು ಉದ್ದ. ಕನ್ನಡದಲ್ಲಿ ಹೇಳುವುದಾದರೆ, ‘ಜರ್ಮನಿಯ ಕಟ್ಟಕಡೆಯ ವೈಮಾರ್ ಬಿಯರುಬೊಜ್ಜಿನ ಸಂಸ್ಕೃತಿಯ ಕಾಲವನ್ನು ಡಾಡಾ ಎಂಬ ಅಡುಗೆಮನೆಯ ಚಾಕುವಿನಿಂದ ಸೀಳಿದ್ದು’ ಎಂದಾಗಬಹುದು. ಒಂದು ದೇಶದ ರಾಜಕೀಯವನ್ನು ಸೀಳುವುದಕ್ಕೆ ಖಡ್ಗವನ್ನಲ್ಲ, ಲೇಖನಿಯನ್ನೂ ಅಲ್ಲ, ತರಕಾರಿ ಹೆಚ್ಚುವ ಚಾಕುವನ್ನು ಆರಿಸಿಕೊಂಡ ಈ ಕಲಾವಿದೆಯ ಹೆಸರು ಹನ್ನಾ ಹೋಖ್.

ಹತ್ತನೇ ತರಗತಿಯ ಇತಿಹಾಸದಲ್ಲಿ ಜರ್ಮನಿಯ ಆ ಕಾಲವನ್ನು ನಾವು ಎರಡು ಮೂರು ಪುಟಗಳಲ್ಲಿ ಮುಗಿಸಿಬಿಡುತ್ತೇವೆ. 1918ರಲ್ಲಿ ಯುದ್ಧ ಸೋತದ್ದು, 1919ರ ವರ್ಸೇಲ್ಸ್ ಒಪ್ಪಂದ, ಹಣದುಬ್ಬರ, 1933ರಲ್ಲಿ ಹಿಟ್ಲರನ ಅಧಿಕಾರ. ಮಕ್ಕಳು ಇಸವಿಗಳನ್ನು ಬಾಯಿಪಾಠ ಮಾಡುತ್ತಾರೆ, ಅಂಕ ತೆಗೆಯುತ್ತಾರೆ. ಆ ಇಸವಿಗಳ ನಡುವೆ ಒಬ್ಬ ಹೆಣ್ಣು ಮಗಳು ದುಡಿದು, ಬಾಡಿಗೆ ಕಟ್ಟಿ, ಪ್ರೀತಿಸಿ, ಅವಮಾನ ನುಂಗಿ, ಕತ್ತರಿ ಹಿಡಿದು ಹೇಗೆ ಬಾಳಿದಳು ಎಂಬುದು ಪಾಠದಲ್ಲಿ ಇರುವುದಿಲ್ಲ. ಹನ್ನಾಳ ಬದುಕನ್ನು ಓದುವಾಗ ನನಗೆ ಆ ಇಸವಿಗಳಿಗೆಲ್ಲ ಜೀವ ಬಂದಂತಾಯಿತು. ಅದಕ್ಕೇ ಈ ಬರಹ.

ಆಕೆ ಹುಟ್ಟಿದ್ದು 1889ರ ನವೆಂಬರ್ 1ರಂದು, ಜರ್ಮನಿಯ ತುರಿಂಗಿಯಾ ಪ್ರಾಂತ್ಯದ ಗೋಥಾ ಎಂಬ ಊರಿನಲ್ಲಿ. ತಂದೆ ವಿಮಾ ಕಂಪನಿಯೊಂದರಲ್ಲಿ ಕೆಲಸದಲ್ಲಿದ್ದರು. ತಾಯಿಗೆ ಚಿತ್ರ ಬರೆಯುವ ಹವ್ಯಾಸವಿತ್ತು. ಐವರು ಮಕ್ಕಳಲ್ಲಿ ಇವಳೇ ಹಿರಿಯಳು. ಹಿರಿಯ ಮಗಳಾಗಿ ಹುಟ್ಟಿದವರಿಗೆ ಮುಂದಿನ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. 1904ರಲ್ಲಿ ಕೊನೆಯ ತಂಗಿ ಹುಟ್ಟಿದಳು. ಹದಿನೈದರ ಹನ್ನಾಳನ್ನು ಶಾಲೆ ಬಿಡಿಸಿ ಮಗುವನ್ನು ನೋಡಿಕೊಳ್ಳಲು ಕೂರಿಸಿದರು. ವರ್ಷಗಟ್ಟಲೆ ಆಕೆಯ ಕೈಗೆ ಸಿಕ್ಕಿದ್ದು ತೊಟ್ಟಿಲ ಹಗ್ಗ. ಹೆಣ್ಣುಮಕ್ಕಳು ಮದುವೆಯಾಗಬೇಕು, ಕಲೆ ಗಿಲೆ ಎಂದು ಓದುವುದನ್ನು ಮರೆಯಬೇಕು ಎಂಬುದು ತಂದೆಯ ಅಭಿಪ್ರಾಯವಾಗಿತ್ತೆಂದು ಆಕೆ ಮುಂದೆ ನೆನಪಿಸಿಕೊಂಡಿದ್ದಾಳೆ. ಗೋಥಾ ಎಲ್ಲಿ, ನಮ್ಮ ಹಾಸನ, ಗದಗ, ಶಿರಸಿ ಎಲ್ಲಿ! ಆದರೂ ಈ ಮಾತು ಎಷ್ಟು ಪರಿಚಿತವಾಗಿ ಕೇಳುತ್ತದೆ ನೋಡಿ.

1912ರಲ್ಲಿ, ಇಪ್ಪತ್ತೆರಡು ದಾಟಿದ ಮೇಲೆ, ಬರ್ಲಿನ್ನಿನ ಷಾರ್ಲಟನ್‌ಬುರ್ಗ್‌ನಲ್ಲಿದ್ದ ಕರಕುಶಲ ಕಲೆಗಳ ಶಾಲೆಗೆ ಸೇರಿದಳು. ಚಿತ್ರಕಲೆಯನ್ನೇ ಕಲಿಯುತ್ತೇನೆಂದು ಹಟ ಹಿಡಿದಿದ್ದರೆ ಅಪ್ಪ ಒಪ್ಪುತ್ತಿರಲಿಲ್ಲ. ಗಾಜಿನ ಮೇಲಿನ ವಿನ್ಯಾಸ ಎಂದರೆ ಕೈಕಸುಬು, ನಾಲ್ಕು ಕಾಸು ಸಂಪಾದನೆಗೆ ದಾರಿ ಎಂದು ಒಪ್ಪಿದರು. ಅಡ್ಡದಾರಿಯಲ್ಲಾದರೂ ಊರು ಸೇರಿದರಾಯಿತು ಎಂಬಂತೆ ಅವಳು ಹೊರಟಳು. 1914ರಲ್ಲಿ ಮಹಾಯುದ್ಧ ಶುರುವಾಗಿ ಶಾಲೆ ಮುಚ್ಚಿತು. ಊರಿಗೆ ಮರಳಿ ರೆಡ್‌ಕ್ರಾಸ್ ಸಂಸ್ಥೆಯಲ್ಲಿ ಕೆಲಸ ಮಾಡಿದಳು. 1915ರಲ್ಲಿ ಮತ್ತೆ ಬರ್ಲಿನ್ನಿಗೆ ಬಂದು ಎಮಿಲ್ ಓರ್ಲಿಕ್ ಎಂಬ ಹೆಸರಾಂತ ಕಲಾವಿದನ ತರಗತಿಯಲ್ಲಿ ಅಚ್ಚಿನ ಕಲೆಗಳನ್ನು ಕಲಿತಳು. ಮರದ ಅಚ್ಚು, ಅಕ್ಷರ ವಿನ್ಯಾಸ, ಪುಟ ಜೋಡಣೆ, ಇಂದು ನಾವು ಗ್ರಾಫಿಕ್ ಡಿಸೈನ್ ಎನ್ನುವ ವಿದ್ಯೆಯ ಬುನಾದಿಯೆಲ್ಲ ಅಲ್ಲಿ ಬಿತ್ತು.

1916ರಲ್ಲಿ ಆಕೆಗೆ ಉಲ್‌ಸ್ಟೈನ್ ಎಂಬ ಪ್ರಕಾಶನ ಸಂಸ್ಥೆಯಲ್ಲಿ ಕೆಲಸ ಸಿಕ್ಕಿತು. ಜರ್ಮನಿಯ ಬಹು ದೊಡ್ಡ ಪತ್ರಿಕಾ ಸಂಸ್ಥೆಗಳಲ್ಲಿ ಅದೊಂದು. ವಾರಕ್ಕೆ ಮೂರು ದಿನದ ಕೆಲಸ, ಕೈಕೆಲಸದ ವಿಭಾಗ. ಮಹಿಳಾ ಪತ್ರಿಕೆಗಳಿಗಾಗಿ ಕಸೂತಿ, ಲೇಸು, ಹೆಣಿಗೆ, ಕ್ರೋಶಾ, ಮೇಜುವಸ್ತ್ರ, ರವಿಕೆಗಳ ಮಾದರಿಗಳನ್ನು ಬರೆದು ಕೊಡುವುದು ಆಕೆಯ ಹೊಣೆ. ಹತ್ತು ವರ್ಷ, ಅಂದರೆ 1926ರವರೆಗೆ, ಈ ಕೆಲಸ ಆಕೆಯ ಹೊಟ್ಟೆ ಹೊರೆಯಿತು. ವಾರಪತ್ರಿಕೆಯ ನಡುವಿನ ಪುಟವನ್ನು ಜೋಪಾನವಾಗಿ ಬಿಡಿಸಿ, ಕಾರ್ಬನ್ ಕಾಗದವಿಟ್ಟು, ದಿಂಬಿನ ಚೀಲದ ಮೇಲೆ ಹೂಬಳ್ಳಿ ಇಳಿಸಿದ ಅನುಭವ ನಮ್ಮಲ್ಲಿ ಯಾರಿಗಿಲ್ಲ? ಆ ಹೂಬಳ್ಳಿಯನ್ನು ಯಾರು ಬರೆದಿರಬಹುದು ಎಂದು ಮಾತ್ರ ನಾವು ಕೇಳುವುದಿಲ್ಲ. ಬರ್ಲಿನ್ನಿನ ಸಾವಿರಾರು ಮನೆಗಳ ಮೇಜಿನ ಮೇಲೆ ಹಾಸಿದ್ದ ಬಟ್ಟೆಯ ಅಂಚಿನಲ್ಲಿ ಹನ್ನಾ ಇದ್ದಳು, ಹೆಸರಿಲ್ಲದೆ.

ಆಕೆ ಆ ಕೆಲಸವನ್ನು ಕೀಳೆಂದು ಬಗೆಯಲಿಲ್ಲ. 1918ರಲ್ಲಿ ಕಸೂತಿ ಮತ್ತು ಲೇಸಿಗೇ ಮೀಸಲಾದ ಪತ್ರಿಕೆಯೊಂದಕ್ಕೆ ಕಸೂತಿಯ ಬಗ್ಗೆ ಒಂದು ಲೇಖನ ಬರೆದಳು. ಕಸೂತಿಗೂ ಚಿತ್ರಕಲೆಗೂ ಹತ್ತಿರದ ನಂಟು, ಅದೂ ಕಾಲದೊಂದಿಗೆ ಬದಲಾಗುವ ಒಂದು ಕಲೆ, ಅದನ್ನು ಕಲೆಯಂತೆಯೇ ಗೌರವಿಸಿ ಎಂಬುದು ಅದರ ಸಾರ. ಅದೇ ಅಜ್ಜಿಯ ಕಾಲದ ಹೂಮಾಲೆಗಳನ್ನೇ ತಿರುಗಿ ತಿರುಗಿ ಹೊಲಿಯಬೇಡಿ, ಈ ಕಾಲದ ಹೆಂಗಸರು ನೀವು, ನೀವು ಹಾಕುವ ಪ್ರತಿಯೊಂದು ಹೊಲಿಗೆಯೂ ನಿಮ್ಮ ಕಾಲದ ದಾಖಲೆ ಎಂದು ಓದುಗರಿಗೆ ತಿಳಿಹೇಳಿದಳು. ಯುದ್ಧದ ಕೊನೆಯ ವರ್ಷ ಅದು. ಹಿಟ್ಟು, ಬೆಣ್ಣೆ, ಕಲ್ಲಿದ್ದಲು ಯಾವುದೂ ಸರಿಯಾಗಿ ಸಿಗದ ದಿನಗಳು. ಅಂಥ ಹೊತ್ತಿನಲ್ಲಿ ಸೂಜಿ ಹಿಡಿದ ಹೆಂಗಸರಿಗೆ ನೀವು ಇತಿಹಾಸ ಬರೆಯುತ್ತಿದ್ದೀರಿ ಎಂದು ಹೇಳಿದವರು ಎಷ್ಟು ಜನ ಇದ್ದಾರು?

ಕೊಲಾಜ್ ಎಂದರೆ ಬೇರೆ ಬೇರೆ ಕಡೆಯ ತುಂಡುಗಳನ್ನು ತಂದು ಅಂಟಿಸಿ ಹೊಸದೊಂದು ಚಿತ್ರ ಕಟ್ಟುವುದು. ಕಲೆಯ ಇತಿಹಾಸದ ಪುಸ್ತಕಗಳು ಇದರ ಜನ್ಮ 1912ರಲ್ಲಿ, ಪ್ಯಾರಿಸ್ಸಿನಲ್ಲಿ, ಪಿಕಾಸೋ ಮತ್ತು ಬ್ರಾಕ್ ಅವರ ಕೈಯಲ್ಲಿ ಆಯಿತೆಂದು ಬರೆಯುತ್ತವೆ. ಚಿತ್ರಕಲೆಯ ಮಟ್ಟಿಗೆ ಅದು ದೊಡ್ಡ ತಿರುವು, ನಿಜ. ಆದರೆ ಇಂಗ್ಲೆಂಡಿನ ಮೇರಿ ಡೆಲಾನಿ ಎಂಬ ಹಿರಿಯಳು 1772ರಲ್ಲಿ, ತನ್ನ ಎಪ್ಪತ್ತೆರಡನೆಯ ವಯಸ್ಸಿನಲ್ಲಿ, ಬಣ್ಣದ ಕಾಗದವನ್ನು ಎಸಳೆಸಳಾಗಿ ಕತ್ತರಿಸಿ ಅಂಟಿಸಿ ಹೂಗಳನ್ನು ಮಾಡತೊಡಗಿದ್ದಳು. ಕಣ್ಣು ಮಂಜಾಗುವವರೆಗೆ, ಹತ್ತು ವರ್ಷಗಳಲ್ಲಿ, ಹತ್ತಿರ ಹತ್ತಿರ ಸಾವಿರ ಹೂಗಳಾದವು. ಅವು ಇಂದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ನಮ್ಮಲ್ಲೂ ರವಿವರ್ಮನ ಲಕ್ಷ್ಮಿ, ಸರಸ್ವತಿಯರ ಅಚ್ಚಿನ ಪಟಗಳಿಗೆ ಬಟ್ಟೆಯ ಸೀರೆ ಉಡಿಸಿ, ಜರಿ ಚಮಕಿ ಹಚ್ಚಿ ಕಟ್ಟು ಹಾಕಿಸುತ್ತಿದ್ದರು. ಉತ್ತರ ಕರ್ನಾಟಕದ ಅಜ್ಜಿಯರು ಹಳೆಯ ಸೀರೆ, ಧೋತರ, ಕುಪ್ಪಸಗಳ ತುಂಡು ಸೇರಿಸಿ ಕೌದಿ ಹೊಲಿದರು. ಇವನ್ನೆಲ್ಲ ಕೊಲಾಜ್ ಎಂದು ಯಾರೂ ಕರೆಯಲಿಲ್ಲ. ಹೆಂಗಸರ ಹೊತ್ತುಕಳೆಯುವ ಕೆಲಸ ಎಂದರು.

ಹನ್ನಾಳಿಗೆ ಅಂಟಿಸುವ ಕಲೆಯ ದಾರಿ ತೋರಿಸಿದ್ದೂ ಇಂಥದೇ ಒಂದು ಮನೆಯ ಪಟ. 1918ರ ಬೇಸಗೆಯಲ್ಲಿ ಆಕೆ ಮತ್ತು ಆಕೆಯ ಸಂಗಾತಿ ರಾವುಲ್ ಹೌಸ್ಮನ್ ಬಾಲ್ಟಿಕ್ ಸಮುದ್ರತೀರದ ಒಂದು ಮೀನುಗಾರರ ಹಳ್ಳಿಯಲ್ಲಿ ಉಳಿದಿದ್ದರು. ಅಲ್ಲಿನ ಗೋಡೆಯ ಮೇಲೆ ಸೈನಿಕನ ಬಣ್ಣದ ಅಚ್ಚುಚಿತ್ರವೊಂದು ತೂಗುತ್ತಿತ್ತು. ಸಮವಸ್ತ್ರ, ಭಂಗಿ ಎಲ್ಲ ಅಚ್ಚಿನದು. ಮುಖ ಮಾತ್ರ ಫೋಟೋದಿಂದ ಕತ್ತರಿಸಿ ಅಂಟಿಸಿದ್ದು, ಆ ಮನೆಯಿಂದ ಸೈನ್ಯಕ್ಕೆ ಹೋದವನದು. ಅಂಥ ಪಟಗಳು ಆ ಊರಿನ ಮನೆಮನೆಯಲ್ಲೂ ಇದ್ದವಂತೆ. ಒಂದೇ ಮೈ, ಬೇರೆ ಬೇರೆ ಮುಖ! ಫೋಟೋಗಳನ್ನು ಕತ್ತರಿಸಿ ಕೂಡಿಸಿದರೆ ಇಲ್ಲದ ಲೋಕವೊಂದನ್ನು ಇದ್ದಂತೆಯೇ ತೋರಿಸಬಹುದು ಎಂಬುದು ಇಬ್ಬರಿಗೂ ಹೊಳೆಯಿತು. ಫೋಟೊಮಾಂಟಾಜ್ ಎಂಬ ಹೊಸ ಬಗೆ ತಮ್ಮ ಕೈಗೆ ಬಂದದ್ದು ಹೀಗೆ ಎಂದು ಇಬ್ಬರೂ ಮುಂದೆ ಹೇಳಿಕೊಂಡರು. ಇದನ್ನು ಮೊದಲು ಮಾಡಿದ್ದು ನಾವೇ ಎಂದು ಹಾರ್ಟ್‌ಫೀಲ್ಡ್ ಮತ್ತು ಗ್ರೋಸ್ ಎಂಬ ಇನ್ನಿಬ್ಬರು ಕಲಾವಿದರು ವಾದಿಸಿದರು. ಅದೇನೇ ಇರಲಿ, ಹನ್ನಾ ಕೆಲಸ ಮಾಡುತ್ತಿದ್ದ ಸಂಸ್ಥೆಯಲ್ಲೇ ಸಚಿತ್ರ ವಾರಪತ್ರಿಕೆಗಳು ಅಚ್ಚಾಗುತ್ತಿದ್ದವು. ಕತ್ತರಿಗೆ ಬೇಕಾದ ಸರಕು ಕಣ್ಣೆದುರಿಗೇ ಇತ್ತು.

1918ರ ನವೆಂಬರಿನಲ್ಲಿ ಕೈಸರ್ ಸಿಂಹಾಸನ ಬಿಟ್ಟ, ಯುದ್ಧ ಮುಗಿಯಿತು. 1919ರ ಜನವರಿಯಲ್ಲಿ ಜರ್ಮನಿಯ ಹೆಂಗಸರು ಮೊದಲ ಬಾರಿಗೆ ರಾಷ್ಟ್ರೀಯ ಚುನಾವಣೆಯಲ್ಲಿ ಮತ ಹಾಕಿದರು. ಲಕ್ಷಾಂತರ ತರುಣರನ್ನು ಬಲಿಕೊಟ್ಟ ಹಳೆಯ ತಲೆಮಾರಿನ ಮೇಲೆ, ಅವರ ದೇಶಭಕ್ತಿಯ ಭಾಷಣಗಳ ಮೇಲೆ, ಅವರ ಅಂದದ ಕಲೆಯ ಮೇಲೆ ಸಿಟ್ಟಿಗೆದ್ದ ಕಲಾವಿದರ ಗುಂಪೊಂದು ‘ಡಾಡಾ’ ಎಂದು ತನ್ನನ್ನು ಕರೆದುಕೊಂಡಿತು. 1916ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ಕಿನಲ್ಲಿ ಹುಟ್ಟಿದ ಈ ಚಳವಳಿ ಬರ್ಲಿನ್ನಿಗೆ ಬಂದಾಗ ಹೆಚ್ಚು ರಾಜಕೀಯವಾಯಿತು. 1920ರ ಜೂನ್ 30ರಂದು ಬರ್ಲಿನ್ನಿನ ಕಲಾ ಗ್ಯಾಲರಿಯೊಂದರಲ್ಲಿ ‘ಮೊದಲ ಅಂತರರಾಷ್ಟ್ರೀಯ ಡಾಡಾ ಮೇಳ’ ತೆರೆಯಿತು. ಚಾವಣಿಯಿಂದ ಹಂದಿಯ ಮುಖದ ಸೈನಿಕನ ಗೊಂಬೆ ತೂಗುತ್ತಿತ್ತು. ಸೈನ್ಯಕ್ಕೆ ಅವಮಾನವಾಯಿತೆಂದು ಮೊಕದ್ದಮೆಯೂ ನಡೆಯಿತು. ಸಮಾಜವನ್ನೇ ತಲೆಕೆಳಗು ಮಾಡುತ್ತೇವೆಂದು ಹೊರಟ ಈ ಕ್ರಾಂತಿಕಾರರಿಗೂ ಒಂದು ವಿಷಯದಲ್ಲಿ ಮನಸ್ಸು ಬದಲಾಗಿರಲಿಲ್ಲ. ಮೇಳದಲ್ಲಿ ಹನ್ನಾಳ ಕೃತಿಗಳು ಬೇಡವೆಂದು ಗ್ರೋಸ್ ಮತ್ತು ಹಾರ್ಟ್‌ಫೀಲ್ಡ್ ತಕರಾರು ತೆಗೆದರು. ಹಾಗಾದರೆ ನನ್ನವೂ ಬೇಡ ಎಂದು ಹೌಸ್ಮನ್ ಹೇಳಿದ ಮೇಲಷ್ಟೇ ಆಕೆಗೆ ಜಾಗ ಸಿಕ್ಕಿತು.

ಅಲ್ಲಿ ತೂಗಿದ್ದು ಅಡುಗೆಮನೆಯ ಚಾಕುವಿನ ಆ ದೊಡ್ಡ ಚಿತ್ರ. ಬಲಮೇಲಿನ ಮೂಲೆಯಲ್ಲಿ ಹಳೆಯ ಅಧಿಕಾರ. ಕೈಸರ್ ವಿಲ್‌ಹೆಲ್ಮನ ಹುರಿಮೀಸೆಯ ಜಾಗದಲ್ಲಿ ಇಬ್ಬರು ಕುಸ್ತಿಪಟುಗಳು. ದಂಡನಾಯಕ ಹಿಂಡೆನ್‌ಬುರ್ಗನ ತಲೆ ನರ್ತಕಿಯೊಬ್ಬಳ ಮೈಮೇಲೆ ಕೂತಿದೆ. ಇನ್ನೊಂದು ಕಡೆ ಐನ್‌ಸ್ಟೀನ್, ಮಾರ್ಕ್ಸ್, ಲೆನಿನ್, ಡಾಡಾ ಗೆಳೆಯರು. ನಟ್ಟನಡುವೆ ತಲೆಯಿಲ್ಲದೆ ಕುಣಿಯುತ್ತಿರುವ ಹುಡುಗಿಯ ದೇಹ, ಅದರ ಮೇಲೆ ಗಾಳಿಯಲ್ಲಿ ತೇಲುವ ಕಲಾವಿದೆ ಕೇಟೆ ಕೋಲ್ವಿಟ್ಸ್‌ಳ ಮುಖ. ಕೋಲ್ವಿಟ್ಸ್ 1919ರಲ್ಲಷ್ಟೇ ಪ್ರಷ್ಯಾದ ಕಲಾ ಅಕಾಡೆಮಿಗೆ ಆಯ್ಕೆಯಾದ ಮೊದಲ ಮಹಿಳೆ ಎನಿಸಿದ್ದಳು. ಇಡೀ ಚಿತ್ರ ಆ ತಲೆಯ ಸುತ್ತ ತಿರುಗುವ ಬುಗುರಿಯಂತಿದೆ. ಬಲಗಡೆ ಕೆಳತುದಿಯಲ್ಲಿ ಯುರೋಪಿನ ಚಿಕ್ಕದೊಂದು ನಕಾಶೆ. ಯಾವ ಯಾವ ದೇಶದಲ್ಲಿ ಹೆಂಗಸರಿಗೆ ಮತದ ಹಕ್ಕು ಬಂದಿದೆ ಎಂದು ತೋರಿಸುವ ನಕಾಶೆ ಅದು. ಅದರ ಮೂಲೆಯಲ್ಲಿ, ಹುಡುಕಿದರಷ್ಟೇ ಸಿಗುವ ಹಾಗೆ, ಹನ್ನಾ ತನ್ನ ಮುಖವನ್ನು ಅಂಟಿಸಿದ್ದಾಳೆ. ಚಿತ್ರಕಾರರು ರುಜು ಹಾಕುವ ಜಾಗ ಅದು.

ಡಾಡಾ ಗೆಳೆಯರ ನೆನಪಿನಲ್ಲಿ ಆಕೆ ಉಳಿದದ್ದು ಹೇಗೆ ಗೊತ್ತೇ? ಹಾನ್ಸ್ ರಿಕ್ಟರ್ ಎಂಬಾತ 1964ರಲ್ಲಿ ಪ್ರಕಟಿಸಿದ ಡಾಡಾ ಚರಿತ್ರೆಯಲ್ಲಿ ಹನ್ನಾಳ ಸ್ವಭಾವವನ್ನು ಹೊಗಳಿದ್ದಾನೆ. ಜೊತೆಗೇ, ಕೈಯಲ್ಲಿ ಕಾಸಿಲ್ಲದ ದಿನಗಳಲ್ಲೂ ಹೇಗೋ ಸ್ಯಾಂಡ್‌ವಿಚ್ಚು, ಬಿಯರು, ಕಾಫಿ ಒದಗಿಸುತ್ತಿದ್ದಳೆಂದು ಮೆಚ್ಚಿಕೊಂಡಿದ್ದಾನೆ. ಆ ಸ್ಯಾಂಡ್‌ವಿಚ್ಚಿಗೆ ಕಾಸು ಬಂದದ್ದು ಕಸೂತಿ ಮಾದರಿಗಳಿಂದ ತಾನೇ? ಗುಂಪಿನಲ್ಲಿ ತಿಂಗಳು ತಿಂಗಳು ಸಂಬಳ ತರುತ್ತಿದ್ದವಳು ಅವಳು. ಹೌಸ್ಮನ್‌ಗೆ ಮದುವೆಯಾಗಿ ಒಬ್ಬ ಮಗಳೂ ಇದ್ದಳು. ಹೆಣ್ಣಿನ ಬಿಡುಗಡೆಯ ಬಗ್ಗೆ ಉದ್ದುದ್ದ ಬರೆಯುತ್ತಿದ್ದ ಅವನು ಹೆಂಡತಿಯನ್ನು ಬಿಡಲಿಲ್ಲ, ಹನ್ನಾಳನ್ನೂ ಬಿಡಲಿಲ್ಲ. ಎರಡು ಬಾರಿ ಆಕೆ ಗರ್ಭ ತೆಗೆಸಿಕೊಳ್ಳಬೇಕಾಯಿತು. ಏಳು ವರ್ಷ ಹೆಣಗಿ, 1922ರಲ್ಲಿ ಆ ಸಂಬಂಧವನ್ನು ಕಡಿದುಕೊಂಡಳು.

ಆ ದಿನಗಳಲ್ಲಿ, 1920ರ ಸುಮಾರಿಗೆ, ಆಕೆ ‘ಚಿತ್ರಕಾರ’ ಎಂಬ ಒಂದು ಸಣ್ಣ ಕಥೆ ಬರೆದಿದ್ದಾಳೆ. ಕಥಾನಾಯಕ ಒಬ್ಬ ಮಹಾನ್ ಕಲಾವಿದ. ಕನಿಷ್ಠ ಅವನ ಮಟ್ಟಿಗಂತೂ ಮಹಾನ್. ನಾಲ್ಕು ವರ್ಷದ ಸಂಸಾರದಲ್ಲಿ ಅವನಿಗೆ ನಾಲ್ಕು ಸಲ ಪಾತ್ರೆ ತೊಳೆಯಬೇಕಾದ ಪ್ರಸಂಗ ಬಂದುಬಿಡುತ್ತದೆ. ಒಂದು ಸಲವಂತೂ ಹೆಂಡತಿ ಬಾಣಂತಿ. ಕಾರಣಗಳು ಏನೇ ಇರಲಿ, ಪುರುಷನೂ ಕಲಾವಿದನೂ ಆದ ತನ್ನ ಸ್ವಾತಂತ್ರ್ಯಕ್ಕೆ ಇದಕ್ಕಿಂತ ದೊಡ್ಡ ಪೆಟ್ಟುಂಟೇ ಎಂದು ಅವನು ಒಳಗೊಳಗೇ ಕುದಿಯುತ್ತಾನೆ. ಹನ್ನಾ ಎಲ್ಲೂ ದನಿ ಎತ್ತುವುದಿಲ್ಲ. ಗಂಭೀರ ಮುಖದಲ್ಲೇ ಕಥೆ ಹೇಳುತ್ತಾ ಹೋಗುತ್ತಾಳೆ. ಓದಿದವರಿಗೆ ನಗು ತಡೆಯದು. ನೂರು ವರ್ಷ ದಾಟಿದ ಈ ಕಥೆಯ ನಾಯಕ ಈಗಲೂ ಎಷ್ಟೋ ಮನೆಗಳ ನಡುಮನೆಯಲ್ಲಿ ಪತ್ರಿಕೆ ಓದುತ್ತಾ ಕೂತಿರುವುದನ್ನು ನಾವು ಬಲ್ಲೆವು.

ಕಚೇರಿಯ ಕೆಲಸ ಒಂದು, ಕಲೆ ಇನ್ನೊಂದು ಎಂದು ಹನ್ನಾ ಗೋಡೆ ಕಟ್ಟಲಿಲ್ಲ. ಹೊಲಿಗೆಯ ಕಟಿಂಗ್ ಮಾದರಿಗಳು, ಲೇಸಿನ ನಕ್ಷೆಗಳು, ಟ್ರೇಸಿಂಗ್ ಗೆರೆಗಳೇ ಕೊಲಾಜಿಗೆ ಸರಕಾದವು. 1920ರ ‘ದರ್ಜಿಯ ಹೂ’ ಎಂಬ ಕೃತಿಯಲ್ಲಿ ಹೊಲಿಗೆಯ ನಕ್ಷೆಯ ಚುಕ್ಕಿಗೆರೆಗಳ ಮೇಲೆ ಒಂದು ಹೂ ಅರಳಿದೆ. 1922ರ ಇನ್ನೊಂದಕ್ಕೆ ‘ಮಹತ್ವದ ಲೇಸು ಅಂಗಿಯೊಂದರ ಸ್ಮಾರಕಕ್ಕೆ ನಕ್ಷೆ’ ಎಂದು ಹೆಸರಿಟ್ಟಳು. ಊರೂರಿನ ವೃತ್ತಗಳಲ್ಲಿ ಕುದುರೆಯೇರಿದ ಸೇನಾಪತಿಗಳ ಸ್ಮಾರಕ ನಿಲ್ಲಿಸುವ ದೇಶದಲ್ಲಿ ಲೇಸಿನ ಅಂಗಿಗೊಂದು ಸ್ಮಾರಕ! ಆಕೆಯ ಹಾಸ್ಯ ಇಂಥದು. ಕಲಾವಿದ ಮಿತ್ರ ಕುರ್ಟ್ ಶ್ವಿಟರ್ಸ್‌ನ ಸಲಹೆಯಂತೆ ಆಕೆ ತನ್ನ ಹೆಸರಿನ ಕೊನೆಗೆ ಇನ್ನೊಂದು ಅಕ್ಷರ ಸೇರಿಸಿಕೊಂಡಳಂತೆ. ರೋಮನ್ ಲಿಪಿಯಲ್ಲಿ ಅದನ್ನು ಮುಂದಿನಿಂದ ಓದಿದರೂ ಹಿಂದಿನಿಂದ ಓದಿದರೂ ಒಂದೇ, ನಮ್ಮ ‘ವಿಕಟಕವಿ’ಯ ಹಾಗೆ, ‘ಕುಬೇರನಿಗೇನಿರಬೇಕು’ ಎಂಬುದರ ಹಾಗೆ.

1926ರಲ್ಲಿ ಆಕೆಗೆ ಹಾಲೆಂಡಿನ ಲೇಖಕಿ ಟಿಲ್ ಬ್ರುಗ್‌ಮನ್‌ಳ ಪರಿಚಯವಾಯಿತು. ಇಬ್ಬರು ಹೆಂಗಸರೂ ಪ್ರೀತಿಸಿ, ಒಂದೇ ಮನೆಯಲ್ಲಿ, ಮೊದಲು ಹೇಗ್ ನಗರದಲ್ಲಿ, 1929ರಿಂದ ಬರ್ಲಿನ್ನಿನಲ್ಲಿ, ಸುಮಾರು ಒಂಬತ್ತು ವರ್ಷ ಜೊತೆಯಾಗಿ ಬಾಳಿದರು. ಅದರ ಬಗ್ಗೆ ಆಕೆ ಸಾರಿಕೊಂಡು ತಿರುಗಲಿಲ್ಲ, ಅಡಗಿಸಿಡಲೂ ಇಲ್ಲ. 1929ರಲ್ಲಿ ಹೇಗ್‌ನಲ್ಲಿ ಆಕೆಯ ಮೊದಲ ಏಕವ್ಯಕ್ತಿ ಪ್ರದರ್ಶನ ನಡೆಯಿತು. ಅದಕ್ಕೆ ಬರೆದ ಪುಟ್ಟ ಮುನ್ನುಡಿಯಲ್ಲಿ ಆಕೆ ತನ್ನ ಕಲೆಯ ಉದ್ದೇಶವನ್ನು ಹೇಳಿಕೊಂಡಿದ್ದಾಳೆ. ನಾವೆಲ್ಲ ಬಹಳ ನಿಶ್ಚಯವಾಗಿ ವಸ್ತುಗಳ ಸುತ್ತ ಗೆರೆ ಎಳೆದು ಬಿಡುತ್ತೇವೆ. ಆ ಗೆರೆಗಳನ್ನು ಅಳಿಸುವುದೇ ತನ್ನ ಆಸೆ. ಚಿಕ್ಕದು ದೊಡ್ಡದಾಗಬಹುದು, ದೊಡ್ಡದು ಚಿಕ್ಕದಾಗಬಹುದು. ಇರುವೆಯ ಕಣ್ಣಿಗೆ ಈ ಲೋಕ ಹೇಗೆ ಕಾಣುತ್ತದೋ ಇವತ್ತು ಹಾಗೆ ತೋರಿಸಿ, ನಾಳೆ ಚಂದ್ರನ ಕಣ್ಣಿಗೆ ಕಾಣುವ ಹಾಗೆ ತೋರಿಸಬೇಕೆಂಬುದು ಆಕೆಯ ಇಂಗಿತ.

ಆ ವರ್ಷಗಳ ಒಂದು ಚಿತ್ರಮಾಲೆಗೆ ‘ಜನಾಂಗ ವಸ್ತುಸಂಗ್ರಹಾಲಯದಿಂದ’ ಎಂದು ಹೆಸರು. ಆಫ್ರಿಕಾದ, ಏಷ್ಯಾದ ವಿಗ್ರಹಗಳ ಫೋಟೋಗಳಿಗೆ ಯುರೋಪಿನ ಆಧುನಿಕ ಹೆಂಗಸರ ಕಣ್ಣು, ಕಾಲು, ತುಟಿಗಳನ್ನು ಜೋಡಿಸಿ, ಪೀಠದ ಮೇಲೆ ನಿಲ್ಲಿಸಿದ್ದಾಳೆ. ಅದರಲ್ಲೊಂದು 1930ರ ‘ಭಾರತೀಯ ನರ್ತಕಿ’. ಅದು ಈಗ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿದೆ. ಹೆಸರು ಭಾರತದ್ದು, ಮುಖ ಮಾತ್ರ 1928ರ ಮೂಕಿ ಚಿತ್ರದಲ್ಲಿ ಜೋನ್ ಆಫ್ ಆರ್ಕ್ ಪಾತ್ರ ಮಾಡಿದ ನಟಿ ಫಾಲ್ಕೊನೆಟ್ಟಿಯದು. ಆ ಮುಖದ ಅರ್ಧಕ್ಕೆ ಆಫ್ರಿಕಾದ ಕ್ಯಾಮರೂನಿನ ಮರದ ಮುಖವಾಡ. ಕ್ಯಾಮರೂನ್ ಮಹಾಯುದ್ಧದವರೆಗೆ ಜರ್ಮನಿಯ ವಸಾಹತಾಗಿತ್ತು. ತಲೆಯ ಮೇಲೆ ಕಿರೀಟ. ಕಣ್ಣರಳಿಸಿ ನೋಡಿದರೆ ಆ ಕಿರೀಟದ ತುಂಬ ಚಮಚ, ಚಾಕುಗಳ ಆಕಾರ! ಬೇರೆ ದೇಶಗಳ ವಿಗ್ರಹಗಳನ್ನು ತಂದು ಗಾಜಿನ ಪೆಟ್ಟಿಗೆಯಲ್ಲಿಟ್ಟ ಯುರೋಪು ತನ್ನ ಹೆಂಗಸರನ್ನೂ ಹಾಗೆಯೇ ಪೀಠದ ಮೇಲಿಟ್ಟಿದೆ ಎಂದು ಆಕೆ ಹೇಳುತ್ತಿದ್ದಾಳೆ ಎಂದು ಕೆಲವರು ಅರ್ಥ ಹಚ್ಚುತ್ತಾರೆ. ದೂರದ ಜನರ ದೇವರುಗಳನ್ನು ಆಕೆಯೂ ಬರೀ ತುಂಡುಗಳಾಗಿ ಬಳಸಿಕೊಂಡಳಲ್ಲ ಎಂದು ಮತ್ತೆ ಕೆಲವರು ಆಕ್ಷೇಪಿಸುತ್ತಾರೆ. ನನಗೆ ಎರಡೂ ಮಾತಿನಲ್ಲಿ ಹುರುಳಿದೆ ಅನ್ನಿಸುತ್ತದೆ. ಭಾರತ ಎಂಬುದು ಆಗಿನ ಬರ್ಲಿನ್ನಿಗೆ ಒಂದು ಕನಸು ಮಾತ್ರವಾಗಿತ್ತು. ಆದರೆ ಆ ಕಿರೀಟವನ್ನು ಅಡುಗೆಮನೆಯಿಂದ ತಂದವಳ ಕುಹಕ ನಮಗೆ ತಿಳಿಯದೆ ಹೋಗುವುದಿಲ್ಲ.

1932ರಲ್ಲಿ ಡೆಸೌ ನಗರದ ಬೌಹೌಸ್ ಕಲಾಶಾಲೆಯಲ್ಲಿ ಆಕೆಯ ಪ್ರದರ್ಶನ ನಡೆಯಬೇಕಿತ್ತು. ಅಲ್ಲಿನ ನಾಜಿಗಳು ಶಾಲೆಯನ್ನೇ ಮುಚ್ಚಿಸಿದರು, ಪ್ರದರ್ಶನ ನಿಂತುಹೋಯಿತು. 1933ರಲ್ಲಿ ಹಿಟ್ಲರ್ ಬಂದ ಹೊತ್ತಿನಿಂದ ಹಳೆಯ ಗೆಳೆಯರು ಒಬ್ಬೊಬ್ಬರಾಗಿ ದೇಶ ಬಿಟ್ಟರು. ಗ್ರೋಸ್ ಅಮೆರಿಕಕ್ಕೆ, ಹಾರ್ಟ್‌ಫೀಲ್ಡ್ ಪ್ರಾಗ್‌ಗೆ, ಹೌಸ್ಮನ್ ಸ್ಪೇನಿನ ದ್ವೀಪಕ್ಕೆ, 1937ರಲ್ಲಿ ಶ್ವಿಟರ್ಸ್ ನಾರ್ವೆಗೆ. ಹನ್ನಾ ಉಳಿದಳು. 1937ರಲ್ಲಿ ಮ್ಯೂನಿಕ್ಕಿನಲ್ಲಿ ಆಧುನಿಕ ಕಲೆಯನ್ನು ಹೀಯಾಳಿಸುವುದಕ್ಕೆಂದೇ ‘ಕೆಟ್ಟುಹೋದ ಕಲೆ’ ಎಂಬ ಪ್ರದರ್ಶನವನ್ನು ಸರ್ಕಾರ ಏರ್ಪಡಿಸಿತು. ಆಕೆ ಹೋಗಿ ಗೆಳೆಯರ ಚಿತ್ರಗಳನ್ನು ಕಣ್ತುಂಬ ನೋಡಿ ಬಂದಳು. ಅದೇ ವರ್ಷ ನಾಜಿ ಬರಹಗಾರನೊಬ್ಬ ಪ್ರಕಟಿಸಿದ ಪುಸ್ತಕದಲ್ಲಿ, ಕಲೆಯ ಗುಡಿಯಿಂದ ಗುಡಿಸಿಹಾಕಬೇಕಾದವರ ಸಾಲಿನಲ್ಲಿ ಆಕೆಯ ಹೆಸರೂ ಇತ್ತು. 1938ರಲ್ಲಿ ತನಗಿಂತ ಇಪ್ಪತ್ತೊಂದು ವರ್ಷ ಚಿಕ್ಕವನಾದ ಕುರ್ಟ್ ಮ್ಯಾಥೀಸ್ ಎಂಬಾತನನ್ನು ಮದುವೆಯಾದಳು. ಆ ಮದುವೆ ಬಹಳ ದಿನ ಬಾಳಲಿಲ್ಲ, 1944ರಲ್ಲಿ ವಿಚ್ಛೇದನವಾಯಿತು.

1939ರಲ್ಲಿ ಬರ್ಲಿನ್ನಿನ ಉತ್ತರದ ಅಂಚಿನಲ್ಲಿ, ಹೈಲಿಗೆನ್‌ಜೇ ಎಂಬಲ್ಲಿ, ಸುತ್ತ ತೋಟವಿದ್ದ ಒಂದು ಪುಟ್ಟ ಮನೆಯನ್ನು ಕೊಂಡಿದ್ದಳು. ಅಲ್ಲಿ ಆಕೆಯನ್ನು ಯಾರೂ ಕಲಾವಿದೆ ಎಂದು ಗುರುತಿಸುವಂತಿರಲಿಲ್ಲ, ಗುರುತಿಸದಿದ್ದರೇ ಕ್ಷೇಮ. ಏಕೆಂದರೆ ಆಕೆಯ ಕಪಾಟಿನಲ್ಲಿದ್ದ ಕಾಗದಗಳು ಆಕೆಯನ್ನು ಗಲ್ಲಿಗೇರಿಸಲು ಸಾಕಾಗಿದ್ದವು. ಡಾಡಾ ದಿನಗಳ ಚಿತ್ರಗಳು, ಕರಪತ್ರಗಳು, ಗೆಳೆಯರ ಪತ್ರಗಳು, ತನ್ನವಷ್ಟೇ ಅಲ್ಲ, ಓಡಿಹೋದವರವೂ ಅಲ್ಲಿದ್ದವು. ಸುಟ್ಟುಬಿಟ್ಟಿದ್ದರೆ ನಿಶ್ಚಿಂತೆ. ಆಕೆ ಸುಡಲಿಲ್ಲ. ಬಚ್ಚಿಟ್ಟಳು. ಯುದ್ಧ ಹತ್ತಿರ ಬಂದಾಗ ಪೆಟ್ಟಿಗೆಗಳಲ್ಲಿ ತುಂಬಿ ತೋಟದ ನೆಲದಲ್ಲಿ ಹೂತಳು. ಮೇಲೆ ತರಕಾರಿ, ಹೂಗಿಡ ಬೆಳೆದಳು. ಆ ತರಕಾರಿಯೇ ಆಕೆಯನ್ನು ಬದುಕಿಸಿತು. ಕ್ರಾಂತಿಯ ಬಗ್ಗೆ ಗಂಟಲು ಹರಿಯುವಂತೆ ಮಾತಾಡಿದ ಗುಂಪಿನ ನೆನಪನ್ನೆಲ್ಲ ಕಾಪಾಡಿದವಳು, ಮೇಳದಲ್ಲಿ ಬೇಡವೆಂದು ಅವರೇ ಹೇಳಿದ್ದ ಹೆಂಗಸು!

1945ರಲ್ಲಿ ಯುದ್ಧ ಮುಗಿದಾಗ ಆಕೆಗೆ ಐವತ್ತೈದು ವರ್ಷ. ನೌಕರಿಯಲ್ಲಿರುವ ನಮ್ಮಂಥವರು ನಿವೃತ್ತಿಯ ಲೆಕ್ಕ ಹಾಕುವ ವಯಸ್ಸು. ಆಕೆ ಮತ್ತೆ ಕತ್ತರಿ ಹಿಡಿದಳು. ಇಲ್ಲದ ಪ್ರಾಣಿಗಳ, ಇಲ್ಲದ ಗಿಡಗಳ ಕೊಲಾಜುಗಳನ್ನು ಮಾಡಿ, ಪುಟ್ಟ ಪುಟ್ಟ ಪದ್ಯ ಕಟ್ಟಿ, ಮಕ್ಕಳಿಗಾಗಿ ಒಂದು ಚಿತ್ರಪುಸ್ತಕ ಸಿದ್ಧಪಡಿಸಿದಳು. ಆಗ ಅದನ್ನು ಅಚ್ಚು ಹಾಕುವವರು ಸಿಗಲಿಲ್ಲ. ಆಕೆ ತೀರಿಕೊಂಡ ಮೇಲೆ, 1985ರಲ್ಲಿ, ಅದು ಪುಸ್ತಕವಾಯಿತು. ಯುದ್ಧಾನಂತರ ಬಣ್ಣದ ಪತ್ರಿಕೆಗಳು ಬಂದವು. ಆಕೆಯ ಕೊಲಾಜುಗಳಿಗೂ ಬಣ್ಣ ಬಂತು. 1972-73ರಲ್ಲಿ, ಎಂಬತ್ತು ದಾಟಿದ ಮೇಲೆ, ತನ್ನ ಬದುಕನ್ನೇ ಒಂದು ದೊಡ್ಡ ಕೊಲಾಜಾಗಿ ಕಟ್ಟಿದಳು. ‘ಬಾಳಚಿತ್ರ’ ಎಂದು ಅದರ ಹೆಸರು. ಹುಡುಗಿಯಾಗಿದ್ದಾಗಿನಿಂದ ಸುಕ್ಕುಗಟ್ಟಿದ ಮುಖದವರೆಗೆ ತನ್ನದೇ ಫೋಟೋಗಳು, ಹಳೆಯ ಕೃತಿಗಳ ತುಣುಕುಗಳು ಎಲ್ಲ ಅದರಲ್ಲಿವೆ. ಆತ್ಮಕಥೆ ಬರೆಯುವವರು ಬೇಡದ್ದನ್ನು ಬಿಟ್ಟು ಕಥೆಯನ್ನು ನೇರ ಮಾಡುತ್ತಾರೆ. ಇಲ್ಲಿ ಮೊದಲು ಕೊನೆ ಎಂಬುದಿಲ್ಲ, ಎಲ್ಲ ವಯಸ್ಸುಗಳೂ ಅಕ್ಕಪಕ್ಕದಲ್ಲಿ ಕೂತು ನಮ್ಮನ್ನೇ ನೋಡುತ್ತವೆ.

1976ರಲ್ಲಿ ಪ್ಯಾರಿಸ್ ಮತ್ತು ಬರ್ಲಿನ್ನಿನಲ್ಲಿ ಆಕೆಯ ಬಾಳಿನ ಕೆಲಸಗಳ ದೊಡ್ಡ ಪ್ರದರ್ಶನ ನಡೆಯಿತು. 1978ರ ಮೇ 31ರಂದು, ಎಂಬತ್ತೆಂಟನೆಯ ವಯಸ್ಸಿನಲ್ಲಿ ತೀರಿಕೊಂಡಳು. ಅಮೆರಿಕದ ಸಂಗ್ರಹಾಲಯಗಳಲ್ಲಿ ಆಕೆಯ ಫೋಟೊಮಾಂಟಾಜುಗಳ ಪ್ರದರ್ಶನ ಸುತ್ತಿದ್ದು 1996-97ರಲ್ಲಿ, ಲಂಡನ್ನಿನ ವೈಟ್‌ಚಾಪೆಲ್ ಗ್ಯಾಲರಿಯಲ್ಲಿ ನಡೆದದ್ದು 2014ರಲ್ಲಿ. ಸ್ಯಾಂಡ್‌ವಿಚ್ಚಿನ ಹುಡುಗಿಯನ್ನು ಕಲಾವಿದೆ ಎಂದು ಜಗತ್ತು ಒಪ್ಪಿಕೊಳ್ಳುವುದಕ್ಕೆ ಇಷ್ಟು ಕಾಲ ಹಿಡಿಯಿತು.

ಮನೆಯಲ್ಲಿ ಏನನ್ನೂ ಎಸೆಯದ ಹೆಂಗಸರನ್ನು ಕಂಡರೆ ಮಕ್ಕಳು ರೇಗುತ್ತಾರೆ. ಹಳೆಯ ಪತ್ರ, ಮದುವೆಯ ಕರೆಯೋಲೆ, ಲೇಸಿನ ತುಂಡು, ಹೆಣಿಗೆಯ ಮಾದರಿ, ಎಂದೋ ಕತ್ತರಿಸಿಟ್ಟ ಪತ್ರಿಕೆಯ ಪುಟ. ಹನ್ನಾಳ ಕಪಾಟುಗಳಲ್ಲೂ ಇದ್ದದ್ದು ಇಂಥವೇ. ಅವು ಇಂದು ಬರ್ಲಿನ್ನಿನ ಬರ್ಲಿನಿಷೆ ಗ್ಯಾಲರಿಯಲ್ಲಿ ಸಾವಿರಾರು ಕಡತಗಳಾಗಿ ಜೋಪಾನವಾಗಿವೆ. ಡಾಡಾ ಬಗ್ಗೆ ಬರೆಯಹೊರಟ ವಿದ್ವಾಂಸರೆಲ್ಲ ಆ ಪೆಟ್ಟಿಗೆಗಳನ್ನು ತೆರೆಯಲೇಬೇಕು. ತನ್ನ ಕಾಲವನ್ನು ದಾಖಲಿಸುತ್ತಿದ್ದೇನೆ ಎಂಬುದು ಆಕೆಗೆ ಗೊತ್ತಿತ್ತು. 1918ರಲ್ಲೇ, ಕಸೂತಿ ಹಾಕುವ ಹೆಂಗಸರಿಗೆ ಆಕೆ ಹೇಳಿದ್ದು ಅದನ್ನೇ ಅಲ್ಲವೇ? ನಿಮ್ಮ ತಾಯಿಯ ಟ್ರಂಕಿನಲ್ಲಿ ಇರುವ ಮಾದರಿ ಬಟ್ಟೆಯನ್ನು, ಅದರ ಮೂಲೆಯಲ್ಲಿ ಹೊಲಿದ ಇಸವಿಯನ್ನು ಒಮ್ಮೆ ಬಿಡಿಸಿ ನೋಡಿ. ಯಾರು ಹಾಕಿದ್ದು, ಯಾವ ವರ್ಷ, ಆಗ ಮನೆಯಲ್ಲಿ ಏನು ನಡೆದಿತ್ತು ಎಂದು ಕೇಳಿ, ಒಂದು ಚೀಟಿಯಲ್ಲಿ ಬರೆದು ಅದರೊಳಗೇ ಇಡಿ. ಹೇಳುವವರು ಇರುವಾಗಲೇ ಕೇಳಬೇಕು.